ಟೆನ್ಶನ್ ಹಿಡಿಯುವುದು, ಇಳಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳ ಹತ್ತಿರ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ ಇದೆ. ಝೆರಾಕ್ಸ್, ಪಹಣಿ, ಅರ್ಜಿ ತುಂಬುವುದು, ಇಷ್ಟೇ ಕೆಲಸ. ಬರುವವರಲ್ಲಿ ಅರ್ಧ ಜನ ಟೆನ್ಶನ್ ಹೊತ್ತುಕೊಂಡೇ ಬರುತ್ತಾರೆ. ಉಳಿದವರಿಗೆ ಸರ್ವರ್ ಡೌನ್ ಆದ ಮೇಲೆ ಶುರುವಾಗುತ್ತದೆ.

ಎರಡು ವರ್ಷದ ಹಿಂದೆ ನನಗೇ ತಲೆ ಕೆಟ್ಟಿತ್ತು. ಅದನ್ನು ಹೇಗೆ ಇಳಿಸಿಕೊಂಡೆ ಅಂತ ಹೇಳಿದ ಮೇಲೆ ಗೆಳೆಯರು, ಗಿರಾಕಿಗಳು ತಾವೂ ಮಾಡಿ ನೋಡಿದರು. ಬಹಳ ಜನ ಎಡವಿದ್ದು ಒಂದೇ ಕಡೆ. "ಮೂರು ದಿನ ಉಸಿರಾಟ ಮಾಡಿದೆ ಅಣ್ಣಾ, ಏನೂ ಫರಕ್ ಬೀಳಲಿಲ್ಲ" ಅನ್ನುತ್ತಾರೆ. ಉಸಿರಾಟದಲ್ಲಿ ತಪ್ಪೇನಿಲ್ಲ. ಆದರೆ ನಾನು ಹೇಳುವ ಎಂಟು ಹಂತಗಳಲ್ಲಿ ಅದು ಐದನೆಯದು. ಇವರು ಅಲ್ಲಿಂದಲೇ ಶುರು ಮಾಡುತ್ತಾರೆ, ಅದೂ ತಲೆ ಪೂರ್ತಿ ಗರಂ ಆದ ಹೊತ್ತಿನಲ್ಲಿ. ಹೊಳೆ ಬಂದ ದಿನ ಈಜು ಕಲಿಯಲು ಇಳಿದರೆ ಏನಾಗುತ್ತದೆ, ಹೇಳಿ.

ನಾನು ಡಾಕ್ಟರ್ ಅಲ್ಲ. ಮೈಗೆ ಸಂಬಂಧಪಟ್ಟ ಮಾತುಗಳನ್ನು ಡಾಕ್ಟರೊಬ್ಬರ ಹತ್ತಿರ ಕೂತು ಕೇಳಿಕೊಂಡಿದ್ದೇನೆ. ಇದು ದಿನನಿತ್ಯದ ಟೆನ್ಶನ್‌ಗೆ ಮಾತ್ರ. ಅದು ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಮುಂದೆ ಬೇರೆಯಾಗಿ ಬರೆದಿದ್ದೇನೆ. ಆ ಭಾಗವನ್ನು ಹಾರಿಸಬೇಡಿ.

## ಮೊದಲು ಇಷ್ಟು ಕೂಡಿಸಿಕೊಳ್ಳಿ

ಜೇಬಿನಲ್ಲಿ ಹಿಡಿಯುವ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು. ಫೋನಿನಲ್ಲಿ ಬರೆಯುತ್ತೇನೆ ಅನ್ನಬೇಡಿ. ಬರೆಯಲು ಫೋನ್ ತೆಗೆದವರು ವಾಟ್ಸಾಪ್ ನೋಡಿ ಇನ್ನೂ ಎರಡು ಚಿಂತೆ ಹತ್ತಿಸಿಕೊಂಡು ವಾಪಸ್ ಬರುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಒಂದು ನೀರಿನ ಬಾಟಲಿ. ಕೇಳಿಸಿಕೊಳ್ಳುವ ಒಬ್ಬ ಮನುಷ್ಯ, ಅವರು ಏಳನೇ ಹಂತಕ್ಕೆ ಬೇಕು. ಮತ್ತೆ ಹದಿನೈದು ದಿನ. ಮೊದಲ ವಾರ ಏನನ್ನೂ ಬದಲಿಸುವುದಿಲ್ಲ, ಸುಮ್ನೆ ನೋಡುವುದು, ಬರೆಯುವುದು. ಈ ವಾರದಲ್ಲೇ ಬೇಸತ್ತು ಬಿಡುವವರು ಜಾಸ್ತಿ.

## ಹಂತ 1: ಇದು ಟೆನ್ಶನ್ ಹೌದೋ ಅಲ್ಲವೋ ನೋಡಿ

ಎದೆ ಡವಡವ, ತಲೆನೋವು, ಸಣ್ಣ ಮಾತಿಗೂ ಸಿಟ್ಟು. ಟೆನ್ಶನ್ ಇದ್ದರೆ ಹೀಗಾಗುತ್ತದೆ. ನಮ್ಮ ಊರಿನ ಬಿಸಿಲಿಗೂ ಹೀಗೇ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಸರ್ಕಾರವೇ ನಮ್ಮ ಭಾಗದ ಕಚೇರಿಗಳನ್ನು ಆಗ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಸುತ್ತದೆ. ಬೆವರಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ಹೃದಯ ಜೋರಾಗಿ ಬಡಿಯಲೇಬೇಕು. ಅದನ್ನು ಗಾಬರಿ ಅಂದುಕೊಂಡರೆ ನಿಜವಾಗಿಯೂ ಗಾಬರಿ ಆಗುತ್ತದೆ.

ಪರೀಕ್ಷೆ ಸುಲಭ. ನೆರಳಿಗೆ ಹೋಗಿ, ಫ್ಯಾನ್ ಕೆಳಗೆ ಅರ್ಧ ತಾಸು ಕೂತು, ನೀರನ್ನೋ ಮಜ್ಜಿಗೆಯನ್ನೋ ನಿಧಾನವಾಗಿ ಕುಡಿಯಿರಿ. ಇಳಿಯಿತು ಅಂದರೆ ಅದು ಹೆಚ್ಚಾಗಿ ಬಿಸಿಲಿನ ಕೆಲಸ. ಮೂತ್ರದ ಬಣ್ಣ ಗಾಢ ಹಳದಿ ಇದ್ದರೆ ನೀವು ಕುಡಿದ ನೀರು ಸಾಲುತ್ತಿಲ್ಲ. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಗೊಂದಲವಾದರೆ ಅದು ಬಿಸಿಲಾಘಾತ. ಮೈಗೆ ನೀರು ಹಾಕುತ್ತಾ 108ಕ್ಕೆ ಫೋನ್ ಮಾಡಿ.

ಎರಡನೆಯದು ಚಹಾ. ಕುಡಿದ ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು 5 ತಾಸು ಬೇಕು. ಖಾಲಿ ಹೊಟ್ಟೆಯಲ್ಲಿ ನಾಲ್ಕು ಕಪ್ ಕುಡಿದು "ಕೈ ನಡುಗುತ್ತದೆ, ಟೆನ್ಶನ್" ಅಂದರೆ ಪಾಪ ಟೆನ್ಶನ್ ಏನು ಮಾಡೀತು?

ಮೂರನೆಯದು ತಪಾಸಣೆ. ರಕ್ತ ಕಡಿಮೆ ಇದ್ದರೂ ಸುಸ್ತು, ಏದುಸಿರು, ಎದೆಬಡಿತ ಬರುತ್ತವೆ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗಿ ನಿದ್ದೆ ಕೆಡುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ 'ನಮ್ಮ ಕ್ಲಿನಿಕ್'ಗೋ ಹೋಗಿ ಬಿಪಿ, ಶುಗರ್, ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಪರೀಕ್ಷೆ ಬೇಕೋ ಬೇಡವೋ ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ. ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ವರ್ಷಗಟ್ಟಲೆ ಮುಂದೂಡುತ್ತಾರೆ. ದಯವಿಟ್ಟು ಮುಂದೂಡಬೇಡಿ.

ಒಂದು ಎಚ್ಚರಿಕೆ. ಎದೆ ಹಿಸುಕಿದಂತೆ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆ ಬೆವರು. ಇದನ್ನು ಟೆನ್ಶನ್ ಅಂತಲೂ ಅನ್ನಬೇಡಿ, ಗ್ಯಾಸ್ ಅಂತಲೂ ಅನ್ನಬೇಡಿ. ಸೋಡಾ ಕುಡಿದು ಕಾಯಬೇಡಿ. ಆಗಲೂ 108.

## ಹಂತ 2: ಏಳು ದಿನ ಬರೆಯಿರಿ

ಮೈ ಬಿಗಿಯಾದಾಗ, ಸಿಟ್ಟು ಬಂದಾಗ, ಹೊಟ್ಟೆ ಹಿಂಡಿದಾಗ ಒಂದು ಸಾಲು ಬರೆಯಿರಿ. ಎಷ್ಟು ಗಂಟೆ, ಎಲ್ಲಿ, ಮೈಯಲ್ಲಿ ಏನಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು. ಕೊನೆಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕ. ನನ್ನ ಮೊದಲ ವಾರದ ಮೂರು ಸಾಲು ಇದ್ದ ಹಾಗೇ ಕೊಡುತ್ತೇನೆ.

ಬುಧವಾರ, 1.10. ಅಂಗಡಿ. ದವಡೆ ಬಿಗಿ, ಎಡಗಡೆ ಕುತ್ತಿಗೆ ನೋವು. ಸರ್ವರ್ ನಿಂತು 20 ನಿಮಿಷ, 9 ಜನ ನಿಂತಿದ್ದಾರೆ. ಊಟ ಇಲ್ಲ, ಚಹಾ 4. ಅಂಕ 8.

ಗುರುವಾರ, ಬೆಳಿಗ್ಗೆ 6.40. ಹಾಸಿಗೆ. ಹೊಟ್ಟೆ ಹಿಂಡಿತು. ವಾಟ್ಸಾಪ್ ಗುಂಪು ತೆಗೆದಿದ್ದೆ. ಅಂಕ 6.

ಭಾನುವಾರ, ರಾತ್ರಿ 10.30. ಎದೆ ಡವಡವ. ಏನೂ ನಡೆದಿಲ್ಲ. ನಾಳೆ ಪ್ರಿಂಟರ್ ಸಾಲದ ಕಂತು. ಅಂಕ 7.

ಅಲ್ಲಿಯವರೆಗೆ ನಾನು ಎಲ್ಲರ ಮುಂದೆ ಸರ್ವರನ್ನೇ ಬೈಯುತ್ತಿದ್ದೆ. ಪುಸ್ತಕ ಬೇರೆಯೇ ಹೇಳಿತು. ಅದೇ ವಾರ ಮತ್ತೆರಡು ದಿನ ಬೆಳಿಗ್ಗೆ 9ರ ಸುಮಾರಿಗೆ ಸರ್ವರ್ ನಿಂತಿತ್ತು, ಜನವೂ ಅಷ್ಟೇ ಇದ್ದರು, ನನ್ನ ಅಂಕ 3. ಒಂದು ಗಂಟೆಗೆ ಮಾತ್ರ 8. ಸರ್ವರ್ ಅದೇ, ಗಿರಾಕಿಗಳು ಅದೇ. ಬದಲಾಗಿದ್ದು ನನ್ನ ಹೊಟ್ಟೆ.

ಇಲ್ಲಿ ಆಗುವ ತಪ್ಪುಗಳು ಮೂರು. ಬರೀ "ಇವತ್ತು ಟೆನ್ಶನ್ ಆಯ್ತು" ಅಂತ ಬರೆಯುವುದು, ಅದರಿಂದ ಏನೂ ಸಿಗುವುದಿಲ್ಲ. ರಾತ್ರಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ಬರೆಯುವುದು, ಅಷ್ಟೊತ್ತಿಗೆ ಮೈ ಹೇಳಿದ್ದು ಮರೆತು ಮನಸ್ಸು ಕಟ್ಟಿದ ಕಥೆ ಮಾತ್ರ ಉಳಿದಿರುತ್ತದೆ. ಮೂರನೆಯದು ಬೇರೆಯವರ ತಪ್ಪಿನ ಪಟ್ಟಿ ಮಾಡುವುದು. ಗೆಳೆಯನೊಬ್ಬನ ಪುಸ್ತಕದಲ್ಲಿ ನಾಲ್ಕು ಪುಟ ಪೂರ್ತಿ ಅವನ ಸಾಹೇಬರೇ ಇದ್ದರು, ಅವನು ಎಲ್ಲೂ ಇರಲಿಲ್ಲ.

ಮೈಯಲ್ಲಿ ಎಲ್ಲಿ ಹುಡುಕಬೇಕು ಗೊತ್ತಾಗದಿದ್ದರೆ ದವಡೆ, ಭುಜ, ಹೊಟ್ಟೆ, ಅಂಗೈ ನೋಡಿ. ಕೆಲವರಿಗೆ ಮೈಗಿಂತ ಮುಂಚೆ ನಡತೆ ಹೇಳುತ್ತದೆ. ಬೈಕ್ ಜೋರಾಗಿ ಓಡಿಸುವುದು, ಗುಟ್ಕಾ ಚೀಟು ಜಾಸ್ತಿ ಆಗುವುದು, ಮಕ್ಕಳಿಗೆ ಸುಮ್ಸುಮ್ನೆ ಗದರುವುದು. ಅದನ್ನೂ ಬರೆಯಿರಿ.

## ಹಂತ 3: ಹಸನು ಮಾಡಿ

ಮೊರದಲ್ಲಿ ತೊಗರಿ ಹಸನು ಮಾಡುವಾಗ ಕಾಳು ಒಂದು ಕಡೆ, ಕಲ್ಲು ಒಂದು ಕಡೆ, ಹೊಟ್ಟು ಒಂದು ಕಡೆ ಹೋಗುತ್ತದೆ. ಏಳು ದಿನದ ಸಾಲುಗಳನ್ನೂ ಹಾಗೇ ಮೂರು ಪಾಲು ಮಾಡಿ. ನನ್ನ ಕೈಯಲ್ಲಿ ಇರುವುದು, ಅರ್ಧ ಇರುವುದು, ಇಲ್ಲದ್ದು.

ಆಳಂದ ಕಡೆಯ ಒಬ್ಬ ಕಾಕಾ ನನ್ನ ಅಂಗಡಿಯಲ್ಲೇ ಕೂತು ಇದನ್ನು ಮಾಡಿದರು. ತೊಗರಿ ಬಿತ್ತಿದ್ದರು, ಮಳೆ ವಿಪರೀತ ಹಿಡಿದಿತ್ತು. "ಎಲ್ಲಾ ದೇವರ ಕೈಯಾಗೇ ಅದಪಾ, ನಾ ಏನ್ ಬರೀಲಿ" ಅಂದರು. ಮಳೆ ಅವರ ಕೈಯಲ್ಲಿಲ್ಲ, ಸರಿ. ಜನವರಿಯಲ್ಲಿ ಮಾರುಕಟ್ಟೆಯಲ್ಲಿ ಏನು ರೇಟ್ ಸಿಗುತ್ತದೆ ಅನ್ನುವುದೂ ಇಲ್ಲ. ಆದರೆ ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ತಾಸಿನೊಳಗೆ ಬೆಳೆ ವಿಮೆಯವರಿಗೆ ತಿಳಿಸುವುದು ಅವರ ಕೈಯಲ್ಲೇ ಇತ್ತು. ವಿಮೆ ಕಟ್ಟಿದ್ದರು, ಈ ಮಾತು ಗೊತ್ತಿರಲಿಲ್ಲ. ಸಾಲ ಕೊಟ್ಟವರ ಹತ್ತಿರ ಹೋಗಿ ಕಂತು ಮುಂದಕ್ಕೆ ಹಾಕಲು ಕೇಳುವುದು ಅರ್ಧ ಕೈಯಲ್ಲಿತ್ತು. ಕೇಳುವುದು ನಮ್ಮದು, ಒಪ್ಪುವುದು ಅವರದು. ಆ ದಿನ ಅವರ ಮೊದಲೆರಡು ಪಾಲಿನಲ್ಲಿ ಒಂದೊಂದು ಸಾಲು ಬಂದವು. ಬಂದಾಗ ಒಂದೂ ಇರಲಿಲ್ಲ.

ಮೂರನೇ ಪಾಲನ್ನು ಏನು ಮಾಡುವುದು? "ಚಿಂತೆ ಮಾಡಬೇಡ" ಅಂದರೆ ಚಿಂತೆ ಹೋಗುವುದಿಲ್ಲ. ಅದಕ್ಕೊಂದು ಹೊತ್ತು ಕೊಡಿ. ದಿನಾ ಸಂಜೆ 6.30ರಿಂದ 6.50, ಒಂದೇ ಜಾಗ. ಮಧ್ಯಾಹ್ನ ಚಿಂತೆ ಬಂದರೆ ಒಂದು ಶಬ್ದ ಬರೆದಿಟ್ಟು "ಸಂಜೆಗೆ ನೋಡೋಣ" ಅಂತ ಮುಂದೆ ಹೋಗಿ. ಸಂಜೆ ಬೇಕಾದಷ್ಟು ಚಿಂತೆ ಮಾಡಿ. ಮೊದಲೆರಡು ದಿನ ನಗು ಬರುತ್ತದೆ. ಆಮೇಲೆ ಮಧ್ಯಾಹ್ನ ಬರೆದಿಟ್ಟ ಐದರಲ್ಲಿ ಮೂರು ಸಂಜೆಗೆ ತಣ್ಣಗಾಗಿರುವುದು ಕಾಣುತ್ತದೆ. ಇದನ್ನು ಮಲಗುವ ಹೊತ್ತಿಗೆ ಮಾತ್ರ ಇಟ್ಟುಕೊಳ್ಳಬೇಡಿ.

## ಹಂತ 4: ಒಂದನ್ನೇ ಬದಲಿಸಿ

ಮೊದಲ ಪಾಲಿನಲ್ಲಿ ಯಾವ ಸಾಲು ಪದೇ ಪದೇ ಬಂದಿದೆಯೋ ಅದನ್ನು ಆರಿಸಿ. ಎಂಟನೇ ದಿನದಿಂದ ಅದೊಂದೇ. ಸೋಮವಾರದಿಂದ ಚಹಾ ಬಂದ್, ಗುಟ್ಕಾ ಬಂದ್, 5ಕ್ಕೆ ಏಳುವುದು, ಯೋಗ, ಫೋನ್ ಇಲ್ಲ ಅಂತ ಹೊರಟವರು ಬುಧವಾರಕ್ಕೆ ಕೈಬಿಟ್ಟು "ನನ್ನಿಂದ ಆಗಲ್ಲ" ಅಂತ ಇನ್ನೊಂದು ಟೆನ್ಶನ್ ಕಟ್ಟಿಕೊಂಡಿದ್ದನ್ನು ನೋಡಿದ್ದೇನೆ.

ನಾನು ಬದಲಿಸಿದ್ದು ಊಟದ ಹೊತ್ತು. 11.30ಕ್ಕೆ ಶಟರ್ ಅರ್ಧ ಇಳಿಸಿ ಹನ್ನೆರಡು ನಿಮಿಷ. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮೂರು ದಿನ ಹೊರಗೆ ಗೊಣಗಾಟ ಇತ್ತು, "ಇವ ಈಗ್ಯಾಕ ಉಣ್ಲಾಕ ಕುಂತಾನ?" ನಾಲ್ಕನೇ ದಿನದಿಂದ ಅವರೇ "ಉಣ್ಣಲಿ ತಡೀರಿ" ಅಂತ ಹೊಸಬರಿಗೆ ಹೇಳುತ್ತಿದ್ದರು. ಒಂದು ಗಂಟೆಯ ಅಂಕ 8ರಿಂದ 5ಕ್ಕೆ ಬಂತು. ಸರ್ವರ್ ಮೊದಲಿನ ಹಾಗೇ ನಿಲ್ಲುತ್ತಿತ್ತು.

## ಹಂತ 5: ಉಸಿರಾಟ, ಆದರೆ ಆರಾಮಿದ್ದಾಗ

ಗಾಬರಿಯಲ್ಲಿ ಮೈ ಓಡಲು ಇಲ್ಲವೇ ಹೊಡೆದಾಡಲು ಸಿದ್ಧವಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ, ಉಸಿರು ಎರಡೂ ಹೆಚ್ಚುತ್ತವೆ. ಎದೆಬಡಿತವನ್ನು ನೀವು ಹೇಳಿ ನಿಲ್ಲಿಸಲಾರಿರಿ. ಉಸಿರನ್ನು ಮಾತ್ರ ನಿಧಾನ ಮಾಡಬಹುದು. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ಸ್ವಲ್ಪ ನಿಧಾನವಾಗುತ್ತದೆ. ಹಾಗಾಗಿ ಇಲ್ಲಿ ಮುಖ್ಯ ಬಿಡುವುದು, ಎಳೆಯುವುದಲ್ಲ.

ಮಾಡುವ ಕ್ರಮ ಹೀಗೆ. ಬೆನ್ನಿಗೆ ಆಸರೆ ಇಟ್ಟು ಕೂರಿ. ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆಯಿರಿ, ಹೊಟ್ಟೆ ಕೈಯನ್ನು ಮೇಲೆತ್ತಬೇಕು. ಆರು ಎಣಿಸುವಷ್ಟು ಬಿಡಿ. ಒಂದು ಎಣಿಕೆಗೆ ಒಂದು ಸೆಕೆಂಡು. ನಿಮಿಷಕ್ಕೆ ಆರು ಉಸಿರಾಗುತ್ತದೆ. ಐದು ನಿಮಿಷ, ದಿನಕ್ಕೆ ಎರಡು ಸಲ, ಮನಸ್ಸು ಆರಾಮಾಗಿ ಇರುವಾಗ. ಏಳು ದಿನ ಹೀಗೆ ಮಾಡಿದ ಮೇಲೆ ಮಾತ್ರ ಟೆನ್ಶನ್ ಇರುವಾಗ ಬಳಸಿ, ಅದೂ ಅಂಕ 4, 5 ಇರುವಾಗಲೇ. 9ಕ್ಕೆ ಹೋದ ಮೇಲೆ ಎಣಿಸಲೂ ಆಗುವುದಿಲ್ಲ.

ಬಹಳ ಜನ ದೊಡ್ಡ ದೊಡ್ಡ ಉಸಿರು ಎಳೆಯುತ್ತಾರೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು, ತುಟಿ ಜುಮ್ಮೆನ್ನುತ್ತವೆ. ಹೆದರಬೇಡಿ. ನಿಲ್ಲಿಸಿ, ಎಂದಿನಂತೆ ಉಸಿರಾಡಿ, ಮುಂದಿನ ಸಲ ಸಣ್ಣ ಉಸಿರು ತೆಗೆದುಕೊಳ್ಳಿ. ಉಸಿರು ಕಟ್ಟಿ ಹಿಡಿಯುವ ಕ್ರಮಗಳು ಇಲ್ಲಿ ಬೇಕಿಲ್ಲ. ಗರ್ಭಿಣಿಯರು, ಹೃದಯದ ತೊಂದರೆ, ಅಸ್ತಮಾ ಇರುವವರು ಡಾಕ್ಟರನ್ನು ಕೇಳದೆ ಅವುಗಳ ತಂಟೆಗೆ ಹೋಗಬೇಡಿ.

ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟರೇ ಗಾಬರಿ ಜಾಸ್ತಿಯಾಗುತ್ತದೆ. ಅವರು ಮುಷ್ಟಿ ಮಾಡಿ. ಐದು ಸೆಕೆಂಡು ಬಿಗಿ ಹಿಡಿದು ಒಮ್ಮೆಲೇ ಬಿಡಿ, ಹದಿನೈದು ಸೆಕೆಂಡು ಸುಮ್ಮನಿರಿ. ಆಮೇಲೆ ಭುಜ ಕಿವಿಯವರೆಗೆ ಏರಿಸಿ ಬಿಡಿ, ಆಮೇಲೆ ದವಡೆ, ಆಮೇಲೆ ಪಾದ. ಕೌಂಟರ್ ಕೆಳಗೆ ಮುಷ್ಟಿ ಮಾಡಿದರೆ ಗಿರಾಕಿಗೆ ಕಾಣುವುದೂ ಇಲ್ಲ.

## ಹಂತ 6: ನಡಿಗೆ, ನಿದ್ದೆ

ನಡಿಗೆಗೆ ಲೆಕ್ಕ ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ತಾಸು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಬೇಸಿಗೆಯಲ್ಲಿ ಬೆಳಿಗ್ಗೆ 7ರೊಳಗೆ ಮುಗಿಸಿ. ನಾನು ಅಪ್ಪನ ಕೆರೆ ಕಡೆ ಹೋಗುತ್ತೇನೆ. ಜೊತೆಗೆ ಬರುವವರು ರಾಜಕೀಯ ಮಾತಾಡುವವರಾದರೆ ಒಬ್ಬರೇ ಹೋಗುವುದು ಒಳ್ಳೆಯದು.

ನಿದ್ದೆ ಬಾರದೆ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಬೇರೆ ಕಡೆ ಕೂರಿ, ಕಣ್ಣು ಎಳೆದಾಗ ವಾಪಸ್ ಬನ್ನಿ. ಮಲಗುವ ಹೊತ್ತು ಹಿಂದೆ ಮುಂದೆ ಆದರೂ ಏಳುವ ಹೊತ್ತು ಬದಲಿಸಬೇಡಿ. "ಸ್ವಲ್ಪ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ" ಅನ್ನುವವರಿಗೆ ಬೇಗ ಬರುತ್ತದೆ ನಿಜ, ನಡುರಾತ್ರಿ ಮುರಿದು ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ನಿದ್ದೆ ಗುಳಿಗೆ ಕೇಳಬೇಡಿ. ಅದು ಚಟವಾಗುತ್ತದೆ.

## ಹಂತ 7: ಒಬ್ಬರಿಗೆ ಹೇಳಿ, ಆದರೆ ಹೀಗೆ

ಬೀದರ್‌ನಲ್ಲಿರುವ ನಮ್ಮ ಅಕ್ಕನಿಗೆ ಮೊದಲ ಸಲ ಫೋನ್ ಮಾಡಿ ಹೇಳಿದಾಗ ಎರಡು ನಿಮಿಷದಲ್ಲಿ ಆಕೆ, "ನಿನಗ್ಯಾನ್ ಕಮ್ಮಿ ಆಗ್ಯಾದ? ಚಿಂತಿ ಮಾಡಬ್ಯಾಡ, ದೇವರಿಗಿ ಹೋಗಿ ಬಾ" ಅಂದಳು. ನಾನು ಫೋನ್ ಇಟ್ಟೆ. ತಪ್ಪು ಆಕೆಯದಲ್ಲ. ಏನು ಬೇಕು ಅಂತ ನಾನೇ ಹೇಳಿರಲಿಲ್ಲ.

ಎರಡನೇ ಸಲ ಮೊದಲೇ ಹೇಳಿದೆ. "ಅಕ್ಕಾ, ಹತ್ತು ನಿಮಿಷ ಸುಮ್ನ ಕೇಳು. ಏನೂ ಹೇಳಬ್ಯಾಡ." "ಆಯ್ತಪಾ, ಹೇಳು" ಅಂದಳು. ಕಂತು, ಅಂಗಡಿ ಬಾಡಿಗೆ, ರಾತ್ರಿಯ ಎದೆಬಡಿತ, ಎಲ್ಲ ಹೇಳಿದೆ. ಆಕೆ ಸುಮ್ಮನೇ ಕೇಳಿದಳು. ಕೊನೆಗೆ, "ಉಂಡಿ ಏನಪಾ?" ಅಂದಳು. ಅಷ್ಟೇ.

ಹಾಗಾಗಿ ಮೂರು ಮಾತು ಮೊದಲೇ ಹೇಳಿಬಿಡಿ. ಎಷ್ಟು ಹೊತ್ತು, ಸಲಹೆ ಬೇಕೋ ಬೇಡವೋ, ಇದು ಯಾರಿಗೂ ಹೇಳಬಾರದು ಅಂತಿದ್ದರೆ ಅದನ್ನೂ. ಕೂಡು ಕುಟುಂಬದಲ್ಲಿ ಹೇಳಿದ ಮಾತು ಅಡುಗೆಮನೆ ದಾಟಲು ಅರ್ಧ ದಿನ ಸಾಕು, ಅಲ್ವಾ?

## ಇಲ್ಲಿಂದ ಮುಂದೆ ಡಾಕ್ಟರ್ ಬೇಕು

ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನ್ನಿಸುತ್ತಿದ್ದರೆ, ಕೆಲಸಕ್ಕೆ ಹೋಗಲು ಆಗದಿದ್ದರೆ, ಕುಡಿತ ಏರುತ್ತಿದ್ದರೆ ಈ ಮಾರ್ಗದರ್ಶಿ ಸಾಲದು. ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೂ ಸಾಲದು.

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಯಾದಗಿರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಶರಣಬಸವೇಶ್ವರ ಗುಡಿಗೋ ಬಂದೇನವಾಜ್ ದರ್ಗಾಕ್ಕೋ ಹೋಗಿ ಕೂತರೆ ಮನಸ್ಸು ಹಗುರ ಆಗುತ್ತದೆ ಅನ್ನುವವರು ಖಂಡಿತ ಹೋಗಿ. ಡಾಕ್ಟರ್ ಕೊಟ್ಟ ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಬದುಕುವುದೇ ಬೇಡ ಅನ್ನುವ ಯೋಚನೆ ನಿಮಗೆ ಬಂದಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ, ಒಬ್ಬರೇ ಇರಬೇಡಿ. ಮನೆಯಲ್ಲಿ ಬೇರೆ ಯಾರಾದರೂ ಹಾಗೆ ಅಂದರೆ "ಸುಮ್ನೆ ಅಂತಾರೆ" ಅಂತ ಬಿಡಬೇಡಿ. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೆಚ್ಚಾಗುವುದಿಲ್ಲ. ಅವರ ಜೊತೆಗಿರಿ. ಹೊಲದ ಮನೆಯಾದರೆ ಬೆಳೆಗೆ ಹೊಡೆಯುವ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ಅದೇ ದಿನ ಬೇರೆಯವರ ಮನೆಗೆ ಸಾಗಿಸಿ.

## ಹಂತ 8: ಹದಿನೈದನೇ ದಿನ ಪುಸ್ತಕ ತೆಗೆಯಿರಿ

ಮೊದಲ ವಾರದ ಅತಿ ದೊಡ್ಡ ಮೂರು ಅಂಕ ನೋಡಿ. ಅದೇ ಹೊತ್ತು, ಅದೇ ಜಾಗದಲ್ಲಿ ಎರಡನೇ ವಾರ ಎಷ್ಟಿದೆ? ಎರಡು ಅಂಕ ಇಳಿದಿದ್ದರೆ ಆ ಬದಲಾವಣೆ ಬಿಡಬೇಡಿ, ಎರಡನೇ ಸಾಲಿಗೆ ಕೈ ಹಾಕಿ. ಇಳಿದಿಲ್ಲವಾದರೆ ನೀವು ಹಿಡಿದ ಕಾರಣ ತಪ್ಪಿರಬಹುದು, ಎರಡನೇ ಹಂತಕ್ಕೆ ವಾಪಸ್ ಹೋಗಿ. ಏರಿದ್ದರೆ ಪುಸ್ತಕ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಐದು ನಿಮಿಷದಲ್ಲಿ ಬಾಯಿಂದ ಹೇಳಲಾಗದ್ದು ಆ ಪುಟಗಳಲ್ಲಿ ಇರುತ್ತದೆ.

ಸೊನ್ನೆ ಬರಲಿ ಅಂತ ಕಾಯಬೇಡಿ. ನನ್ನದು ಈಗ ಮೂರನೇ ಪುಸ್ತಕ. ಮಧ್ಯಾಹ್ನ ಒಂದು ಗಂಟೆಯ ಸಾಲು ಕೆಲವು ವಾರ ಖಾಲಿಯೇ ಇರುತ್ತದೆ. ಭಾನುವಾರ ರಾತ್ರಿಯ ಸಾಲು ಇನ್ನೂ 4, 5ರಲ್ಲೇ ಇದೆ. ಪ್ರಿಂಟರ್ ಕಂತು ಇನ್ನೂ ಏಳು ತಿಂಗಳು ಬಾಕಿ.